ಕಿವಿಗೆ ಹಿಡಿದ ಡಿಸ್ಕ್

ಸಿಂದಗಿಯಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು, ಡಿಸ್ಕ್ ಕೆಟ್ಟಿದೆ ಎಂದರೆ ಮೊದಲು ಕರೆಂಟು ಕೊಟ್ಟು ಅದನ್ನು ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದರು. ಆಮೇಲೆ ಒಂದೇ ಮಾತು: “ಜೀವ ಐತ್ರಿ.”

ತೀರಿಹೋದ ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಬೀಸುವ ಪದಗಳನ್ನು ನಾನು ರೆಕಾರ್ಡ್ ಮಾಡಿ ಜೋಡಿ ಡಿಸ್ಕಿನಲ್ಲಿ ಇಟ್ಟಿದ್ದೆ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ. ಅವುಗಳಲ್ಲಿ ಒಂದು ಕೆಟ್ಟಿತು. ಅದರ ಜಾಗಕ್ಕೆ ಹೊಸದನ್ನು ಹಾಕಿ ನಕಲು ಮಾಡುವಾಗ ಅವರು ದಿಕ್ಕು ತಪ್ಪಿದರು. ಖಾಲಿ ಡಿಸ್ಕೇ ಹಾಡುಗಳಿದ್ದ ಡಿಸ್ಕಿನ ಮೇಲೆ ನಕಲಾಗಿ, ಎಲ್ಲವೂ ಅಳಿಸಿಹೋಯಿತು.

ಹಾಡು ಅಳಿಸಿಹೋದ ಆ ಡಿಸ್ಕನ್ನು ಬಹಳ ಹೊತ್ತು ಕಿವಿಗೆ ಹಿಡಿದು ಕೂತರು. ಅದು ಚೆನ್ನಾಗಿಯೇ ತಿರುಗುತ್ತಿತ್ತು. ಅವರ ಬಾಯಿಂದ ಆ ಮಾತು ಮಾತ್ರ ಬರಲಿಲ್ಲ.

ಮುಂದಿನ ವಾರ ಮೈಕು ಹಿಡಿದು ಮನೆಗೆ ಬಂದರು. “ನಿಮಗ ಬರೋವಷ್ಟು ಹಾಡ್ರಿ ಅಕ್ಕಾರ, ತುಂಬಿಡ್ತೇನಿ.”

ಬಾಯಿ ತೆರೆದೆ. ಅವ್ವನ ಪದಗಳು ಎರಡು ಕಡೆ ಭದ್ರವಾಗಿವೆ ಎಂದು ನಾನು ಒಂದನ್ನೂ ಕಲಿತಿರಲಿಲ್ಲ.