ಮೂರು ಗೆರೆಯ ಕಲ್ಲು

ನೈರೋಬಿಯ ಸಣ್ಣ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಅತ್ತೆಯ ಚೀಲದಿಂದ ಒಂದು ಕರಿಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟ. ಹಿಂದಿನ ದಿನವಷ್ಟೇ ನಾವು ಉತ್ತರದ ಮರುಭೂಮಿಯಲ್ಲಿ, ಜ್ವಾಲಾಮುಖಿ ಉಗುಳಿದ ಕಲ್ಲುಗಳ ನಡುವೆ, ಹಿಂದಿನವರು ಕರಿಬಂಡೆಗಳ ಮೇಲೆ ಕೊರೆದ ಬೆಳ್ಳನೆಯ ಗೆರೆ, ವೃತ್ತಗಳನ್ನು ನೋಡಿದ್ದೆವು. ಅಲ್ಲಿಂದ ಒಂದು ಚೂರನ್ನೂ ಒಯ್ಯಬಾರದೆಂದು ಗೈಡ್ ಎರಡು ಸಲ ಹೇಳಿದ್ದ, ಇಂಗ್ಲಿಷಿನಲ್ಲಿ. ಮೈಸೂರಿನಿಂದ ಬಂದ ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಲು ನಾನು ಮರೆತಿದ್ದೆ.

"ಇದರ ಮೇಲೆ ಮೂರು ಗೆರೆ ಇದೆ. ಯಾವ ಬಂಡೆಯಿಂದ ಒಡೆದಿರಿ?" ಎಂದು ಅಧಿಕಾರಿ ಕೇಳಿದ.

ಅತ್ತೆಗೆ ತಿಳಿಸಿದೆ.

"ಅಯ್ಯೋ, ನಾನೆಲ್ಲಿ ಒಡೆದೆ? ಲಿಂಗದ ಹಾಗೆ ದುಂಡಗೆ ಬಿದ್ದಿತ್ತು ಕಣಮ್ಮ. ಬೆಳಿಗ್ಗೆ ಸ್ನಾನ ಆದ್ಮೇಲೆ ವಿಭೂತಿ ಹಚ್ಚಿದೆ, ಅಷ್ಟೇ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಸಾಕ್ಷಿಗೆಂದು ಬಿಳಿ ಪುಡಿಯ ಪೊಟ್ಟಣವನ್ನೂ ಮೇಜಿನ ಮೇಲೆ ಬಿಚ್ಚಿಟ್ಟರು. ಅಧಿಕಾರಿ ಎದ್ದು ನಿಂತ. ಬಾಗಿಲ ಬಳಿಯಿದ್ದ ಇಬ್ಬರು ಪೊಲೀಸರು ನಮ್ಮತ್ತ ನಡೆದು ಬಂದರು.

ಅತ್ತೆ ಯಾರ ಮುಖವನ್ನೂ ನೋಡದೆ ಮೂರು ಬೆರಳನ್ನು ಪುಡಿಯಲ್ಲಿ ಅದ್ದಿ ತಮ್ಮ ಹಣೆಗೆ ಎಳೆದುಕೊಂಡರು.

ಅಧಿಕಾರಿ ಹಣೆ ನೋಡಿದ. ಕಲ್ಲು ನೋಡಿದ. ಮತ್ತೆ ಹಣೆ ನೋಡಿ, ಪೊಲೀಸರನ್ನು ಕೈಸನ್ನೆಯಿಂದ ತಡೆದ.

"ಗೆರೆ ನಿಮ್ಮದೇ, ಒಪ್ಪಿದೆ. ಕಲ್ಲು ನಮ್ಮದು. ಅದು ಇಲ್ಲೇ ಉಳಿಯುತ್ತೆ."

ಅತ್ತೆ ಕೈಮುಗಿದರು, ಅವನಿಗೋ ಕಲ್ಲಿಗೋ ನನಗೆ ತಿಳಿಯಲಿಲ್ಲ. ಕಲ್ಲನ್ನೆತ್ತಿಕೊಂಡು ಕಪಾಟಿನವರೆಗೆ ಹೋದ ಅವನು ಅಲ್ಲೇ ನಿಂತು ತಿರುಗಿದ.

"ಅಮ್ಮನನ್ನು ಕೇಳಿ, ಯಾವ ಕಡೆ ಮೇಲಿರಬೇಕು?"