ನೆಟ್ಟಗಾದ ಬೆರಳುಗಳು

ನಿಮ್ಮ ಕೈಯಲ್ಲಿ ಉಳಿದಿದ್ದ ಹಿಡಿತವನ್ನು ಹಾಳು ಮಾಡಿದವಳು ನಾನು—ನಿಮ್ಮ ಹೆಂಡತಿ. ಕನಕಪುರ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದಾಗ ಕಾಲಿನ ಸ್ವಾಧೀನ ಹೋಯಿತು, ಬೆರಳಿನ ಶಕ್ತಿಯೂ ಹೋಯಿತು. ಅದು ಅಪಘಾತದ ಪಾಲು. ಮಿಕ್ಕಿದ್ದು ನನ್ನ ಪಾಲು.

ಆಸ್ಪತ್ರೆಯಿಂದ ಹೊರಡುವ ದಿನ ಫಿಸಿಯೋಥೆರಪಿಸ್ಟ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಮೇಡಂ, ಬೆರಳು ಹೀಗೇ ಮಡಿಸ್ಕೊಂಡಿರ್ಲಿ. ಎಳೆದು ನೆಟ್ಟಗೆ ಮಾಡ್ಬೇಡಿ. ಮಣಿಕಟ್ಟು ಎತ್ತಿದಾಗ ಆ ಮಡಿಕೇನೇ ಬಿಗಿಯಾಗಿ ಸಾಮಾನು ಹಿಡಿಯತ್ತೆ." ನಿಮಗೆ ಆಗ ನಿದ್ದೆ ಹತ್ತಿತ್ತು. ನನಗೆ ಚೆನ್ನಾಗಿ ಅರ್ಥವಾಗಿತ್ತು. ಬನಶಂಕರಿಯ ಮನೆಗೆ ಬಂದ ಮೇಲೆ ನೀವು ಮಣಿಕಟ್ಟು ಎತ್ತಿ ಮೊಬೈಲ್ ಹಿಡಿದದ್ದನ್ನು, ಬಿಸ್ಕತ್ತನ್ನು ಬಾಯಿಗೆ ತಂದದ್ದನ್ನು ಕಣ್ಣಾರೆ ಕಂಡೆ ಕೂಡ.

ಆಮೇಲೆ ನೋಡಲು ಬರುವವರ ಸಾಲು. ಪದ್ಮನಾಭನಗರದಿಂದ ಬಂದ ನಿಮ್ಮ ಅಕ್ಕ ಎಲ್ಲರೆದುರು, "ಏನೇ ಇದು, ಕೈ ಹೀಗೆ ಮುದುಡ್ಕೊಂಡಿದೆ? ಎಣ್ಣೆ ಹಚ್ಚಿ ತಿಕ್ಕೋರು ಯಾರೂ ಇಲ್ವಾ ಈ ಮನೇಲಿ?" ಎಂದರು. ವಿವರಿಸಬಹುದಿತ್ತು—ವಿವರಿಸಲಿಲ್ಲ. ಅವಮಾನವಾಗಿತ್ತು. ಮಾರನೆಯ ದಿನದಿಂದ ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಒಂದೊಂದೇ ಬೆರಳನ್ನು ನೀವಿ, ಹಿಂದಕ್ಕೆ ಎಳೆದು, ಕೈಯನ್ನು ದಿಂಬಿನ ಮೇಲೆ ಚಪ್ಪಟೆಯಾಗಿ ಇಡತೊಡಗಿದೆ. "ಹಾಯಾಗತ್ತೆ ಕಣೆ" ಎಂದು ನೀವು ಕಣ್ಣು ಮುಚ್ಚುತ್ತಿದ್ದಿರಿ. ಬಂದವರೆಲ್ಲ ನನ್ನನ್ನು ಹೊಗಳಿದರು. ಆ ಹೊಗಳಿಕೆ ನನಗೆ—ಹೇಳಿಬಿಡುತ್ತೇನೆ—ಬೇಕಾಗಿತ್ತು.

ಮೊಬೈಲ್ ಕೈಜಾರತೊಡಗಿತು. ಹಳೆಯ ಪೆಟ್ಟಿನದೇ ಪರಿಣಾಮ ಅಂದುಕೊಂಡಿರಿ ನೀವು. ನಾನೂ ಹಾಗೆಂದೇ ನಂಬಲು ನೋಡಿದೆ, ಆದರೆ ಬೆರಳು ನೀವಿ ಎಳೆಯುವುದನ್ನು ನಿಲ್ಲಿಸಲಿಲ್ಲ.

ಮುಂದೋಳಿನ ಒಂದು ಸ್ನಾಯುವಿನ ತುದಿಯನ್ನು ಹೆಬ್ಬೆರಳಿಗೆ ಜೋಡಿಸಿದರೆ ಚಮಚ, ಪೆನ್ನು ಹಿಡಿಯಬಹುದು ಎಂದು ಜಯನಗರದ ಸರ್ಜನ್ ಹೇಳಿದಾಗ ನಿಮ್ಮ ಮುಖ ಅರಳಿತ್ತು. ಅವರು ನಿಮ್ಮ ತೋರುಬೆರಳನ್ನು ಎತ್ತಿ ಬಿಟ್ಟರು. ಅದು ಜೋತುಬಿತ್ತು.

"ಹೆಬ್ಬೆರಳು ಒತ್ತೋಕೆ ಇದು ಎದುರಿಗೆ ಮಡಿಸ್ಕೊಂಡು ನಿಲ್ಬೇಕಲ್ಲ. ಯಾರಾದ್ರೂ ಇದನ್ನ ಎಳೀತಿದ್ರಾ?"

"ಇಲ್ಲ ಡಾಕ್ಟ್ರೇ. ನಮ್ಮನೆಯವಳು ತುಂಬ ಜೋಪಾನವಾಗಿ ನೋಡ್ಕೊಳ್ತಾಳೆ," ಎಂದಿರಿ ನೀವು. ನಾನು ಎಣ್ಣೆ ಹಚ್ಚಿ ನೀವುತ್ತಿದ್ದದ್ದು ನಿಮ್ಮ ಲೆಕ್ಕದಲ್ಲಿ ಎಳೆಯುವುದಾಗಿರಲಿಲ್ಲ, ಆರೈಕೆಯಾಗಿತ್ತು.

ನಾನು ಕೈಚೀಲದ ಜಿಪ್ ಎಳೆಯುತ್ತ ಕೂತಿದ್ದೆ. ಒಂದು ಮಾತು ಸಾಕಿತ್ತು. ಬಾಯಿ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ—ಬಾಯಿ ಬಿಡಲಿಲ್ಲ.

ಪೂರ್ತಿ ಫಲ ಸಿಗಲಾರದು ಎಂದು ಎಚ್ಚರಿಸಿಯೇ ಅವರು ಆಪರೇಷನ್ ಮಾಡಿದರು. ಹೆಬ್ಬೆರಳು ಈಗ ಒತ್ತುತ್ತದೆ, ಅದಕ್ಕೆ ಆಸರೆಯಾಗಿ ನಿಲ್ಲುವ ಬೆರಳಿಲ್ಲ. ಅಂಗೈಗೆ ಪಟ್ಟಿ ಕಟ್ಟಿ ಚಮಚ ಸಿಕ್ಕಿಸಿದರಷ್ಟೇ ಊಟ. ವರ್ಷಗಳು ಕಳೆದರೂ ನೀವು ಡಾಕ್ಟರನ್ನು ದೂರಲಿಲ್ಲ, ನನ್ನನ್ನಂತೂ—. ಇವತ್ತು ಬೆಳಿಗ್ಗೆ ಪಟ್ಟಿ ಬೇಡವೆಂದು ಹಟ ಮಾಡಿ, ಉಪ್ಪಿಟ್ಟಿನ ಚಮಚ ಮತ್ತೆ ಕೆಳಗೆ ಬಿದ್ದಾಗ, "ನಾನೇ ಸರಿಯಾಗಿ ಪ್ರಾಕ್ಟೀಸ್ ಮಾಡ್ಲಿಲ್ಲ ಅನ್ಸತ್ತೆ ಕಣೆ," ಎಂದಿರಿ. ನನ್ನ ತಪ್ಪನ್ನು ಇಷ್ಟು ದಿನ ನೀವು ಹೊತ್ತಿದ್ದೀರಿ ಎಂದು ನನಗೆ ಗೊತ್ತಾದದ್ದು ಆಗ. ನಾಚಿಕೆಯಿಂದ ಸತ್ತುಹೋದೆ.

ಪ್ರಾಕ್ಟೀಸಿನಲ್ಲಿ ನೀವು ಏನೂ ಕಡಿಮೆ ಮಾಡಿಲ್ಲ. ಇದನ್ನು ಬರೆದು ನಿಮ್ಮ ಮುಂದಿಟ್ಟು ಅಡುಗೆಮನೆಗೆ ಹೋಗಿಬಿಡೋಣ ಎಂದುಕೊಂಡಿದ್ದೆ. ಆದರೆ ಈ ಹಾಳೆ ನಿಮ್ಮ ಬೆರಳುಗಳ ನಡುವೆ ನಿಲ್ಲುವುದಿಲ್ಲ. ಎದುರಿಗೆ ಕೂತು ನಾನೇ ಓದುತ್ತೇನೆ.