ಬ್ಯಾಟರಿಗೆ ಕುಂಕುಮ

ಬೆಳಿಗ್ಗೆ ಪಲ್ಯಕ್ಕೆಂದು ಆಲೂಗಡ್ಡೆ ಹೆಚ್ಚುತ್ತಿದ್ದೆ. ಒಂದರೊಳಗೆ ಉಗುರಗಲದ ಹಸಿರು ಕಂಡಿತು. ‘ಅದನ್ನ ಚೆಲ್ರಿ, ತಿನ್ನಬಾರ್ದು’ ಎಂದಳು ಹೆಂಡತಿ. ನಾನು ಚೆಲ್ಲದೆ ಹಿಡಿದುಕೊಂಡು ನಿಂತೆ. ನಿಂತಲ್ಲೇ, ಹಳೆಯದೊಂದು ಕಿಟಕಿಯ ಸರಳುಗಳ ನಡುವಿನಿಂದ ಮೆಹಂದಿಯ ಕೈಯೊಂದು ಹೊರಬಂದು ನನಗೆ ಆಲೂಗಡ್ಡೆ ಕೊಟ್ಟಿತು.

ಈ ಕೈಯನ್ನು ನಾನು ಎಷ್ಟೋ ವರ್ಷಗಳಿಂದ ಬಲ್ಲೆ. ಆದರೂ ನಿಮಗೊಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ: ಇದು ತುಂಬ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ನೆನಪನ್ನು ನಂಬಬಾರದು. ನಿಜವಾಗಿ ನಡೆದದ್ದರ ಮುಂದೆ ಏನಾದರೂ ಅಡ್ಡ ನಿಂತಿರುತ್ತದೆ, ಒಂದು ಮೇಕೆ, ಒಂದು ಬಕೆಟ್ಟು, ಯಾರದೋ ಬೆನ್ನು. ಈ ಕೈಗೆ ಯಾವುದೂ ಅಡ್ಡವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನಲ್ಲಿ ನಮ್ಮದು ಬೀಜದ ಅಂಗಡಿ. ಅಪ್ಪನ ಬಳಿ ಒಂದು ಹಳೆಯ ಕಾರಿತ್ತು. ಅದರ ಬಣ್ಣ ಬೂದು ಎಂದು ನಾನು, ಕೆನೆ ಎಂದು ತಂಗಿ. ಧೂಳಿನ ಬಣ್ಣ ಎಂದರೆ ಇಬ್ಬರೂ ಒಪ್ಪುತ್ತೇವೆ. ಹಿಂದಿನ ಸೀಟಿನ ಸಂದಿಗಳಲ್ಲಿ ಸಜ್ಜೆ, ಸೂರ್ಯಕಾಂತಿ ಬೀಜಗಳು ಸಿಕ್ಕಿಕೊಂಡು ಮಳೆಗಾಲದಲ್ಲಿ ಒಮ್ಮೆ ಮೊಳಕೆಯೂ ಒಡೆದಿದ್ದವು. ಅಪ್ಪ ಅದನ್ನು ಕಿತ್ತುಹಾಕಲು ಬಿಡಲಿಲ್ಲ. ‘ಬೀಜ ಚಲೋ ಅದಾವು ಅಂತ ಗಿರಾಕಿಗೆ ತೋರಸಾಕ ಆತು’ ಎಂದಿದ್ದ. ಇದು ಮಾತ್ರ ನಿಜ, ತಂಗಿಯೂ ಒಪ್ಪುತ್ತಾಳೆ.

ಪಕ್ಕದ ಮನೆ ಬಳೆಯಂಗಡಿಯ ಖಾಲಾಳದು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಇಬ್ಬರು ಮಕ್ಕಳನ್ನೂ ಒಬ್ಬಳೇ ನಡೆಸಿದವಳು. ಮಗ ರಫೀಕ, ಮಗಳು ನಸ್ರೀನ್. ನಸ್ರೀನಳ ಮದುವೆ ಮಾನ್ವಿಗೆ ಗೊತ್ತಾಗಿತ್ತು. ಹುಡುಗನನ್ನು ಆಕೆ ಕಂಡಿರಲಿಲ್ಲ. ಕಾಣುವ ರೂಢಿಯೂ ಇರಲಿಲ್ಲ. ಆಕೆಯದು ಒಂದೇ ಹಟ: ಅತ್ತೆಮನೆಗೆ ಹೋಗುವುದು ನಮ್ಮ ಅಪ್ಪನ ಕಾರಿನಲ್ಲಿ, ಅಪ್ಪನೇ ನಡೆಸಬೇಕು.

ಮದುವೆ ಹತ್ತಿರ ಬಂದಾಗಲೇ ಕಾರು ಕೈಕೊಟ್ಟಿತು. ದೇವದುರ್ಗಕ್ಕೆ ಹೋಗಿದ್ದ ಅಪ್ಪ ಬರುವಾಗ ಅರಕೇರಾದ ಬಳಿ, ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿ ಆರದೇ ಉಳಿಯಿತು. ಬ್ಯಾಟರಿ ತುಂಬಿಸುವ ಡೈನಮೊ ಸತ್ತಿತ್ತು. ಬ್ಯಾಟರಿ ಉಳಿಯಲೆಂದು ಹಾರ್ನ್ ಕೂಡ ಒತ್ತದೆ, ಎಮ್ಮೆಗಳಿಗೆ ಬಾಯಿಂದಲೇ ‘ಹೈ, ಹೈ’ ಎನ್ನುತ್ತ ಮನೆ ಮುಟ್ಟಿದ. ಮರುದಿನ ಕಾರು ಚಾಲೂ ಆಗಲೇ ಇಲ್ಲ.

‘ಮಾನ್ವಿಯವ್ರು ಜೀಪ್ ತರ್ತಾರಂತ, ಅದ್ರಾಗ ಹೋಗು’ ಎಂದ ರಫೀಕ.

‘ನಾ ಜೀಪ್ ಹತ್ತಂಗಿಲ್ಲ. ಚಾಚಾನ ಗಾಡಿ ಬರಲಿಲ್ಲಂದ್ರ ಮನ್ಯಾಗ ಕೂಡ್ತೀನಿ.’

‘ಏನ್ ನವಾಬನ ಮಗಳೇನಬೇ ನೀ? ಆ ಗಾಡ್ಯಾಗ ಕುಂತ್ರ ಸೀರಿ ತುಂಬ ಸಜ್ಜಿ ಹತ್ತತದ.’

‘ಹತ್ಲಿ. ನಿನಗೇನು?’

ಖಾಲಾ ಅತ್ತಳು, ಬೈದಳು, ಕೊನೆಗೆ ನಮ್ಮ ಕಟ್ಟೆಗೆ ಬಂದು ಕೂತಳು. ಅಪ್ಪ ಹೇಳಿದ್ದು ಇಷ್ಟೇ: ‘ಖಾಲಾ, ಗಾಡಿ ಬರ್ತದ. ಅಳಬ್ಯಾಡ್ರಿ.’

ಹೈದರಾಬಾದಿನಿಂದ ಬಸ್ಸಿನಲ್ಲಿ ಹೊಸದು ಬಂತು. ಡೈನಮೊ ಅಲ್ಲ, ಅದೇ ಕೆಲಸದ ಹೊಸ ನಮೂನೆ, ಆಲ್ಟರ್ನೇಟರ್. ಮೇಣಗಾಗದದಲ್ಲಿ ಸುತ್ತಿದ, ದೊಡ್ಡ ತೆಂಗಿನಕಾಯಿಯಷ್ಟು ಗಾತ್ರದ ಅದನ್ನು ಅಪ್ಪ ಕೂಸಿನ ಹಾಗೆ ಎತ್ತಿಕೊಂಡು ಬಂದ. ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ಅಂಗಳದಲ್ಲಿ ಕೆಲಸ ಸುರುವಾಯಿತು. ನಾನಾಗ ಕಾಲೇಜು ಮುಗಿಸಿ, ಜಗತ್ತಿನ ಎಲ್ಲದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡು ಮನೆಯಲ್ಲಿದ್ದೆ. ಅಭಿಪ್ರಾಯಗಳಿಂದ ನಟ್ಟು ಸಡಿಲವಾಗುವುದಿಲ್ಲ ಎಂದು ಅಂದು ತಿಳಿಯಿತು. ಹಳೆಯದನ್ನು ಬಿಚ್ಚುವುದರಲ್ಲೇ ಬಿಸಿಲೇರಿತು. ಹೊಸದು ಹಳೆಯದರ ಜಾಗದಲ್ಲಿ ಕೂಡಲೊಲ್ಲದು. ಕಬ್ಬಿಣದ ಪಟ್ಟಿಯನ್ನು ಅರದಿಂದ ಉಜ್ಜಿ, ತೂತು ಹಿಗ್ಗಿಸಿ ಕೂಡಿಸಿದೆವು. ನಾನು ಬೆಲ್ಟನ್ನು ಎಳೆದು ಹಿಡಿದೆ, ಅಪ್ಪ ಬಿಗಿದ.

ಉಳಿದದ್ದು ಬ್ಯಾಟರಿ. ಅದನ್ನು ಬಿಚ್ಚಿ ಅಂಗಳದಲ್ಲಿಟ್ಟು, ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದಿದ್ದೆವು. ಅದರ ಎರಡು ಕೊಂಬುಗಳಲ್ಲಿ ಒಂದು ಪ್ಲಸ್, ಒಂದು ಮೈನಸ್. ವರ್ಷಗಟ್ಟಲೆ ಕೆರೆದು ಕೆರೆದು ಗುರುತು ಅಳಿಸಿ, ಎರಡೂ ಅವಳಿಗಳಂತಾಗಿದ್ದವು. ಅದಕ್ಕೇ ಅಪ್ಪ ಬಿಚ್ಚುವ ಮೊದಲೇ ಜಾಣತನದಿಂದ ದೇವರ ಮನೆಯ ಭರಣಿಯಿಂದ ಒಂದು ಚಿಟಿಕೆ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಪ್ಲಸ್ಸಿಗೆ ಹಚ್ಚಿಟ್ಟಿದ್ದ. ತಿರುಗುಮುರುಗಾಗಿ ಕಟ್ಟಿದರೆ ಹೊಸ ಯಂತ್ರ ಆ ಕ್ಷಣವೇ ಸುಟ್ಟುಹೋಗುತ್ತದೆ, ಅದಕ್ಕೆ ಎರಡನೆಯ ಅವಕಾಶವಿಲ್ಲ ಎಂದು ನನಗೂ ತಿಳಿಹೇಳಿದ್ದ.

ನಾವು ಕೈ ತೊಳೆದು ಬಂದು ನೋಡಿದರೆ ಎರಡೂ ಕೊಂಬಿಗೆ ಕುಂಕುಮ. ಮೇಲೆ ಎರಡು ಚೆಂಡುಹೂ, ಮುಂದೆ ಊದಿನಕಡ್ಡಿ. ಅವ್ವ ಕೈಮುಗಿದು ನಿಂತಿದ್ದಳು.

‘ಏನ್ ಮಾಡಿದಿ ಇದು?’ ಎಂದ ಅಪ್ಪ.

‘ಹೊಸಾ ಮಷೀನ್ ಬಂದದ, ಪೂಜಿ ಮಾಡಬ್ಯಾಡೇನು? ಯಾರೋ ಒಂದಕ್ಕ ಹಚ್ಚಿ ಒಂದನ್ನ ಹಂಗ ಬಿಟ್ಟಿದ್ರು. ಬೋಳು ಕಾಣತಿತ್ತು. ಅದಕ್ಕೂ ಹಚ್ಚಿದೆ.’

ಅಪ್ಪ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಖಾಲಾಳ ಮನೆಯಿಂದ ಢೋಲಕಿನ ಸದ್ದು ಬರುತ್ತಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ಖಾಲಾಳ ಮನೆಯ ಕಿಟಕಿ ನಮ್ಮ ಅಂಗಳಕ್ಕೇ ತೆರೆಯುತ್ತದೆ. ಪರದೆಯ ಹಿಂದಿನಿಂದ, ವಿಜ್ಞಾನ ಓದಿದ್ದ ನಸ್ರೀನ್ ಕೂಗುತ್ತಾಳೆ: ‘ಚಾಚಾ, ಆಲೂಗಡ್ಡಿಗೆ ಎರಡು ತಂತಿ ಚುಚ್ಚರಿ. ಹಸರಾದ ಕಡಿ ಪ್ಲಸ್!’ ಮೆಹಂದಿಯ ಕೈ ಆಲೂಗಡ್ಡೆಯನ್ನು ಚಾಚುತ್ತದೆ. ಕೊಯ್ದ ಹೋಳಿಗೆ, ಬ್ಯಾಟರಿಯ ಕೊಂಬುಗಳಿಗೆ ಕಟ್ಟಿದ ಎರಡು ತಾಮ್ರದ ತಂತಿ ಚುಚ್ಚಿ ಕಾಯುತ್ತೇವೆ. ಒಂದು ತಂತಿಯ ಸುತ್ತ ಮೆಲ್ಲಗೆ ಹಸಿರು ಮೂಡುತ್ತದೆ. ಅಪ್ಪ ಅದನ್ನೇ ನಂಬಿ ಕಟ್ಟುತ್ತಾನೆ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದರೆ ಎಂಜಿನ್ ಗುರ್ರೆನ್ನುತ್ತದೆ, ಕೆಂಪು ದೀಪ ಆರುತ್ತದೆ. ಅವ್ವ ‘ನೋಡು, ಪೂಜಿ ಮಾಡಿದ್ದಕ್ಕ’ ಎನ್ನುತ್ತಾಳೆ.

ಮರುದಿನ ನಿಕಾಹ್ ಮುಗಿದ ಮೇಲೆ, ಗಂಡಿನವರ ಜೀಪಿನ ಹಿಂದೆ ಮಾನ್ವಿಗೆ ಹೋದೆವು. ಮುಂದೆ ಅಪ್ಪ, ನಾನು. ಹಿಂದೆ ನಸ್ರೀನ್, ಖಾಲಾ. ಹೊಸ ಯಂತ್ರದ ಹುಮ್ಮಸ್ಸಿಗೆ ಅಪ್ಪ ಉರಿಬಿಸಿಲಲ್ಲೂ ಹೆಡ್‌ಲೈಟ್ ಹಚ್ಚಿಕೊಂಡೇ ನಡೆಸಿದ. ಎದುರು ಬಂದವರೆಲ್ಲ ‘ಲೈಟ್ ಅದ, ಲೈಟ್ ಅದ’ ಎಂದು ಕೈಮಾಡಿದರು. ಅತ್ತೆಮನೆ ಮುಟ್ಟಿ ಹೆಣ್ಣುಮಕ್ಕಳು ಒಳಗೆ ಹೋದ ಮೇಲೂ ಅಪ್ಪ ಎಂಜಿನ್ ನಿಲ್ಲಿಸಲಿಲ್ಲ. ಶರಬತ್ತನ್ನೂ ಸೀಟಿನಲ್ಲೇ ಕೂತು ಕುಡಿದ.

‘ಬಂದ್ ಮಾಡಪ್ಪ, ಹೊಸಾದು ಹಾಕೇವಲ್ಲ’ ಎಂದೆ.

‘ಇರ್ಲಿ ಬಿಡು, ಬ್ಯಾಟರಿ ತುಂಬಾಕತ್ತದ’ ಎಂದ.

ತನ್ನ ಕೈಕೆಲಸವನ್ನು ತಾನೇ ನಂಬದ ಅಪ್ಪ ಎಂದು ನಾನು ಇದನ್ನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೋ. ಸಾಕಷ್ಟು ಹೊತ್ತು ಹಾಗೇ ಕೂತವನು ಇದ್ದಕ್ಕಿದ್ದಂತೆ ಗೇರ್ ಹಾಕಿ ಹೊರಟುಬಿಟ್ಟ.

ಇವತ್ತು ಹಸಿರು ಆಲೂಗಡ್ಡೆ ಕೈಯಲ್ಲಿ ಹಿಡಿದೇ ಮಾನ್ವಿಗೆ ಫೋನು ಮಾಡಿದೆ. ನಸ್ರೀನ್ ಈಗ ಮೊಮ್ಮಕ್ಕಳ ಅಜ್ಜಿ. ಕೈಯ ಕಥೆ ಕೇಳಿ ನಕ್ಕಳು.

‘ಎಂಥಾ ಕೈ ಲೇ? ಅವತ್ತು ನನಗ ಮೆಹಂದಿ ಹಚ್ಚಿ, ಎರಡೂ ಕೈಗೆ ಅರಿವಿ ಸುತ್ತಿ ಕುಂದ್ರಿಸಿದ್ರು. ನೀರೂ ಅಮ್ಮೀನ ಕುಡಸಾಕಿ. ಕೂಗಿದ್ದು ನಾನ. ಆಲೂಗಡ್ಡಿ ತಂದುಕೊಟ್ಟಾಕಿ ಅಮ್ಮಿ. ಅಡಿಗಿಯವ ಬೈದಿದ್ದ ಆಕಿಗೆ.’

ಹೋಯಿತು ನನ್ನ ಕೈ. ಆಕೆಯೇ ಮುಂದುವರಿಸಿದಳು: ‘ಆದ್ರ ಕಿಟಕ್ಯಾಗ ಕೈ ಚಾಚಿದ್ದು ಖರೇನ ಅದ. ರಾಯಚೂರಾಗ ಅಲ್ಲ. ಇಲ್ಲಿ.’

‘ಅಲ್ಲ್ಯಾಕ?’

‘ಚಾಚಾ ನಿನಗ ಹೇಳಿಲ್ಲೇನು? ಮದುವಿ ಮಾತಾದ ದಿನಾನ ನನಗ ಹೇಳಿದ್ರು: ನಾನ ಕರ್ಕೊಂಡು ಹೋಗ್ತೀನಿ, ಬಾಗಲ ಮುಂದ ಎಂಜಿನ್ ಬಂದ್ ಮಾಡಂಗಿಲ್ಲ. ಒಳಗ ಹೋಗಿ ಮಂದೀನ ನೋಡು. ಮನಸ್ಸಿಗೆ ಬರಲಿಲ್ಲಂದ್ರ ಬಂದು ಕೂಡು, ಯಾರನ್ನೂ ಕೇಳಬ್ಯಾಡ. ಬಂತಂದ್ರ ಕಿಟಕ್ಯಾಗಿಂದ ಕೈ ಮಾಡು, ಹೋಗ್ತೀನಿ. ಅದಕ್ಕ ನಾ ಜೀಪ್ ಹತ್ತಂಗಿಲ್ಲ ಅಂದಿದ್ದು.’

ಒಳಗೆ ಅತ್ತೆ ಆಕೆಯ ಕಾಲಿಗೆ ನೀರು ಹಾಕಿದಳಂತೆ. ಬಾಗಿಲ ಹಿಂದಿನಿಂದ ಮದುಮಗನ ದನಿ ಮೆಲ್ಲಗೆ, ‘ಹಾದ್ಯಾಗ ಏನರೆ ತಿಂದಾಳೇನು ಕೇಳ್ರಿ’ ಎಂದಿತಂತೆ. ಆ ಮಾತು ಕೇಳಿ ಆಕೆ ಎದ್ದುಹೋಗಿ ಕೈಮಾಡಿದಳು.

‘ಈಗೂ ಜಗಳ ಆದಾಗ ಹೊರಗ ಎಂಜಿನ್ ಸಪ್ಪಳ ಕೇಳಿದಂಗ ಆಗ್ತದ ನೋಡು,’ ಎಂದಳು. ‘ನಮ್ಮವ್ರಿಗೆ ಹೇಳ್ತೀನಿ, ಹುಷಾರ್, ಚಾಚಾ ಇನ್ನಾ ಬಂದ್ ಮಾಡಿಲ್ಲ ಅಂತ.’

ಹಾಗಾದರೆ ನಾನೂ ಆ ಕೈಯನ್ನು ನೋಡಿದ್ದೆ. ಶರಬತ್ತಿನ ಲೋಟ ಹಿಡಿದು ಮುಂದಿನ ಸೀಟಿನಲ್ಲಿ ಕೂತು, ಅರ್ಥವಾಗದ್ದನ್ನು ನೋಡಿ, ಅರ್ಥವಾಗುವ ಕಡೆ ಸಾಗಿಸಿ ಇಟ್ಟುಕೊಂಡಿದ್ದೆ. ಅಪ್ಪನೂ ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನು ಮಂದಿಯ ಮುಂದೆ ಆಡಿ ನಗುವಾಗ ತಾನೂ ನಗುತ್ತಿದ್ದ.

ಆಲೂಗಡ್ಡೆಯ ಹಸಿರನ್ನು ಕೊಯ್ದು ಚೆಲ್ಲಿದೆ. ಮೆಹಂದಿಯ ಕೈಯನ್ನು ನೆನಪಿನಲ್ಲೇ ಮಾನ್ವಿಗೆ ಒಯ್ದು ಅದರ ಕಿಟಕಿಯಲ್ಲಿ ಇಟ್ಟೆ. ಈಗ ಆ ಕೈಯಲ್ಲಿ ಏನೂ ಇಲ್ಲ. ಮುಂದೆ ಅಡ್ಡಡ್ಡ ಓಡಾಡುವ ಹೆಂಗಸರ ಬೆನ್ನುಗಳಿವೆ, ಅರೆಬರೆ ಕಾಣುತ್ತದೆ. ಕೆಳಗೆ ಬೀದಿಯಲ್ಲಿ, ಹಾಡುಹಗಲೇ ಎರಡೂ ದೀಪ ಹಚ್ಚಿಕೊಂಡು, ಒಂದು ಕಾರು ಕಾಯುತ್ತಿದೆ.